ಕೂಡದೆ ಹೋದ ತೂತುಗಳು

ತೂತು ಎಂದರೆ ನಮ್ಮಲ್ಲಿ ಹಗುರ ಮಾತು. ಕಿಸೆ ತೂತು, ಕೊಡ ತೂತು. ಆದರೆ ನಮ್ಮ ಸೀಮೆಯ ಬಾಳುವೆ ನಡೆದಿರುವುದೇ ತೂತಿನ ಮೇಲೆ ಎಂದು ಈಚೆಗೆ ಹೊಳೆಯಿತು. ಬೀಳಗಿ ಕಡೆಯ ಎರಿ ಹೊಲದಲ್ಲಿ ಕೂರಿಗೆ ಬಟ್ಟಲಿಗೆ ಬಿಟ್ಟ ಜೋಳ ತೂತಿನಿಂದಲೇ ಇಳಿದು ಸಾಲು ಹಿಡಿಯಬೇಕು. ಬನಹಟ್ಟಿಯ ಮಗ್ಗದಲ್ಲಿ ಲಾಳಿಯ ಕಣ್ಣಿನಿಂದ ನೂಲು ಹೊರಬರದಿದ್ದರೆ ಸೀರೆಯೇ ಇಲ್ಲ. ಮುಧೋಳದ ರನ್ನ ಬಳೆಗಾರರ ಮನೆಯಲ್ಲಿ ಹುಟ್ಟಿದವನು. ಬಳೆಯಾದರೂ ಏನು, ಸುತ್ತ ಗಾಜು ಕಟ್ಟಿಕೊಂಡ ತೂತು!

ಈ ಜ್ಞಾನೋದಯಕ್ಕೆ ಕಾರಣ, ಜಮಖಂಡಿ ಪೇಟೆಯಿಂದ ನಾನು ಹೊತ್ತು ತಂದ ಸ್ಟ್ಯಾಂಡಿನ ಡ್ರಿಲ್ ಮಷಿನ್. ಹಳೆಯ ಚಕ್ಕಡಿಯ ಜಾಲಿ ಕಟ್ಟಿಗೆಯ ಎರಡು ತುಂಡು ಅಟ್ಟದ ಮೇಲಿದ್ದವು, ಒಂದೊಂದೂ 12 ಇಂಚು. ಉದ್ದಕ್ಕೂ ತೂತು ಕೊರೆದು ವೈರು ಎಳೆದರೆ ಟೇಬಲ್ ಲ್ಯಾಂಪ್. ಮಷಿನ್ ನೆಟ್ಟಗಿದೆ, ತೂತೂ ನೆಟ್ಟಗೆ ಬೀಳುತ್ತದೆ ಎಂಬುದು ನನ್ನ ಲೆಕ್ಕ. ಕಟ್ಟಿಗೆಯ ಲೆಕ್ಕ ಬೇರೆ ಇತ್ತು. ಉದ್ದನೆಯ ಬಿಟ್ ಎಳೆಯ ಗುಂಟ ಓಡಿತು. ಗಂಟು ಸಿಕ್ಕಲ್ಲಿ ಮಗ್ಗುಲು ಬದಲಿಸಿತು. ಹಿಡಿಕೆ ಒತ್ತಿದಷ್ಟೂ ಹೊಗೆ. ಅರ್ಧಕ್ಕೆ ನಿಲ್ಲಿಸಿ, ತುಂಡನ್ನು ತಲೆಕೆಳಗು ಮಾಡಿ ಇನ್ನೊಂದು ತುದಿಯಿಂದ ಕೊರೆದೆ. ರಬಕವಿ, ಬನಹಟ್ಟಿ ಎರಡು ಊರು ಕೂಡಿ ಒಂದು ನಗರಸಭೆಯಾದವು. ನನ್ನ ಎರಡು ತೂತು ಮಾತ್ರ ಒಂದರ ಮುಖ ಒಂದು ನೋಡದೆ ಹಾದುಹೋದವು. ಒಂದಂತೂ ಮಗ್ಗುಲಿನಿಂದ ಹೊರಗೆ ಇಣುಕಿತು.

ಓಣಿಯ ಬಡಿಗ್ಯಾರ ಕಾಕಾ ಬಂದು ನೋಡಿದರು. “ತಮ್ಮಾ, ಮ್ಯಾಲಿಂದ ಒತ್ತಿದ್ರ ತೂತು ಸೀದಾ ಆಗ್ತೈತೇನು? ಕೆಳಗ ನೆಲಿ ಬೇಕು.”

ಮೂಲೆಮಟ್ಟ ಹಿಡಿದು ಮೊದಲು ಮೇಜು ಸರಿಮಾಡಿದರು. ಮೇಜಿಗೆ ಒಂದು ಹಲಗೆ ಬಿಗಿದು, ಅದೇ ಬಿಟ್‌ನಿಂದ ತೂತು ಹಾಕಿ, ಅದರಲ್ಲಿ ಅಷ್ಟೇ ದಪ್ಪದ ಪುಟ್ಟ ಗೂಟ ನಿಲ್ಲಿಸಿದರು. ಈಗ ಗೂಟ ಬಿಟ್‌ನ ಮೊನೆಗೆ ಸರಿಯಾಗಿ ಕೆಳಗೆ. ಇನ್ನೊಂದು ತುಂಡನ್ನು ಅರ್ಧ ಕೊರೆದರು. ಅವಸರವಿಲ್ಲ, ಅರ್ಧ ಇಂಚು ಇಳಿಸುವುದು, ಬಿಟ್ ಮೇಲೆತ್ತಿ ಹೊಟ್ಟು ಉದುರಿಸುವುದು, ಮತ್ತೆ ಇಳಿಸುವುದು. ಆಮೇಲೆ ತುಂಡನ್ನು ಬುಡಮೇಲು ಮಾಡಿ, ಕೊರೆದ ತೂತನ್ನು ಗೂಟದ ಮೇಲೆ ಕೂರಿಸಿದರು. ಮೇಲಿಂದ ಇಳಿದ ಬಿಟ್‌ಗೆ ಬೇರೆ ದಾರಿಯೇ ಉಳಿದಿರಲಿಲ್ಲ. ತುಂಡನ್ನು ಕಣ್ಣಿಗೆ ಹಿಡಿದೆ. ಆ ತುದಿಯಲ್ಲಿ ಶೇಂಗಾಕಾಳಿನಷ್ಟು ಆಕಾಶ ಕಂಡಿತು.

ಕಾಕಾ ಕೊರೆದದ್ದು ಲ್ಯಾಂಪ್ ಆಯಿತು. ನಾನು ಕೊರೆದದ್ದು ದೇವರ ಜಗಲಿ ಸೇರಿದೆ. ಮಗ್ಗುಲಿನ ತೂತಿಗೆ ಮನೆಯಾಕೆ ದಿನಾ ಊದಿನಕಡ್ಡಿ ಸಿಗಿಸುತ್ತಾಳೆ. ಕಡ್ಡಿ ವಾಲಿಯೇ ಇರುತ್ತದೆ. ಹೊಗೆ ಮಾತ್ರ ನೆಟ್ಟಗೆ ಏರುತ್ತದೆ.