ಸೂರ್ಯನಾರಾಯಣರಿಗೆ ಕಾರಣ ಕೇಳಿ ನೋಟಿಸ್

ಇವರಿಗೆ,
ಶ್ರೀ ಸೂರ್ಯನಾರಾಯಣ ಅವರು,
ಏಳು ಕುದುರೆಯ ರಥ, ಆಕಾಶ.

ವಿಷಯ: ಎಸಿಗಳ ನಾಮಫಲಕದಲ್ಲಿ ನಮೂದಾದ ಉಷ್ಣಾಂಶವನ್ನು ತಾವು ಮೀರಿರುವ ಬಗ್ಗೆ.

ಮಾನ್ಯರೇ,

ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ತಿಳಿಯಪಡಿಸುವುದೇನೆಂದರೆ, 2022ರ ಜುಲೈ 19ರಂದು ತಾವು ಇಂಗ್ಲೆಂಡಿನ ಕಾನಿಂಗ್ಸ್‌ಬಿಯಲ್ಲಿ 40.3 ಡಿಗ್ರಿ ಕಾಯಿಸಿದ್ದೀರಿ. ಅಲ್ಲಿಯವರೆಗೆ ಆ ದೇಶದಲ್ಲಿ ತಮ್ಮ ದಾಖಲೆ 38.7. ಹೆಚ್ಚುವರಿ ಬಿಸಿಲಿಗೆ ಅನುಮತಿ ಪಡೆದ ಯಾವ ಕಾಗದವೂ ಕಡತದಲ್ಲಿಲ್ಲ. ಹವಾಮಾನ ಇಲಾಖೆ ನಾಲ್ಕು ದಿನ ಮುಂಚೆಯೇ ಕೆಂಪು ಎಚ್ಚರಿಕೆ ಕೊಟ್ಟಿತ್ತೆಂಬ ತಮ್ಮ ವಾದ ನಿಲ್ಲುವುದಿಲ್ಲ. ಅದರ ಪ್ರತಿ ಯಂತ್ರಗಳಿಗೆ ಬಂದಿರಲಿಲ್ಲ.

ಅಂದು ಲಂಡನ್ನಿನ ಗೈಸ್ ಮತ್ತು ಸೇಂಟ್ ಥಾಮಸ್ ಆಸ್ಪತ್ರೆಗಳ ಎರಡೂ ಡೇಟಾ ಸೆಂಟರ್‌ಗಳು ಕೆಟ್ಟು ಕೂತವು. ಒಂದು ಹೋದರೆ ಇನ್ನೊಂದಿರಲಿ ಎಂದು ಎರಡಿಟ್ಟಿದ್ದು. ತಾವು ಎರಡರ ಮೇಲೂ ಒಟ್ಟಿಗೇ ಕಣ್ಣು ಬಿಟ್ಟಿರಿ. ವೈದ್ಯರು ಪೆನ್ನು ಹುಡುಕಿಕೊಂಡು ಕಾಗದಕ್ಕೆ ಮರಳಿದರು. ಗೂಗಲ್, ಒರಾಕಲ್‌ಗಳ ಲಂಡನ್ ಕೇಂದ್ರಗಳಲ್ಲೂ ಅದೇ ದಿನ ತಂಪು ಕೈಕೊಟ್ಟಿತು.

ಎಸಿಯೆಂದರೆ ಚಳಿ ತಯಾರಿಸುವ ಕಾರ್ಖಾನೆಯೆಂದು ತಾವು ಭಾವಿಸಿದಂತಿದೆ. ಅದು ಒಳಗಿನ ಬಿಸಿಯನ್ನು ಹೊತ್ತು ಹೊರಗೆ ಹಾಕುವ ಹಮಾಲಿ. ಸಾಮಾನ್ಯವಾಗಿ ಹೊರಗೆ 35 ಡಿಗ್ರಿ ಇಟ್ಟು ಪರೀಕ್ಷಿಸಿ, ಇಷ್ಟು ಟನ್ ಹೊರುತ್ತದೆಂದು ಫಲಕ ಅಂಟಿಸುತ್ತಾರೆ. ಹೊರಗಿನ ಗಾಳಿಯೇ ಕಾದರೆ ಕಂಡೆನ್ಸರಿನಲ್ಲಿ ಒತ್ತಡ ಏರುತ್ತದೆ. ಕಂಪ್ರೆಸರ್ ಜಾಸ್ತಿ ಕರೆಂಟು ನುಂಗಿ ಕಡಿಮೆ ತಂಪು ಕೊಡುತ್ತದೆ. ಮಿತಿ ಮುಟ್ಟಿದ ಕೂಡಲೇ ಸುರಕ್ಷತಾ ಸ್ವಿಚ್ಚು ಟ್ರಿಪ್. ಆಗ ಆ ಹಮಾಲಿಯ ಮೂಟೆಯೂ ಪಕ್ಕದವನ ಹೆಗಲಿಗೆ. ಸ್ವಲ್ಪ ಹೊತ್ತಿಗೆ ಅವನೂ ಕೂತುಬಿಡುತ್ತಾನೆ. ಸರ್ವರ್‌ಗಳು ಮಾತ್ರ ಏನೂ ಆಗಿಲ್ಲವೆಂಬಂತೆ ಬಿಸಿ ಕಾರುತ್ತಲೇ ಇರುತ್ತವೆ.

ಆ ಬೇಸಿಗೆಯಲ್ಲಿ ಕೆಲವು ಡೇಟಾ ಸೆಂಟರ್‌ಗಳವರು ತಾರಸಿ ಹತ್ತಿ, ಪೈಪು ಹಿಡಿದು ಎಸಿಗಳಿಗೇ ನೀರು ಹೊಡೆದರು. ಭಾರಿ ಬೆಲೆಯ ಯಂತ್ರಗಳಿಗೆ ಅಭಿಷೇಕ! ತಮಗೆ ಸಲ್ಲಬೇಕಾದ ಅರ್ಘ್ಯ ತಪ್ಪಿದ್ದೇ ಸಿಟ್ಟಿಗೆ ಕಾರಣವೇ ಎಂಬುದನ್ನು ಸ್ಪಷ್ಟಪಡಿಸುವುದು.

ಕಲಬುರಗಿಯಲ್ಲಿ ಬೇಸಿಗೆ ಬಂದರೆ 40 ದಾಟಿಸುತ್ತೇನೆ, ಅಲ್ಲಿಂದ ದೂರು ಬಂದಿಲ್ಲ ಎಂದು ತಾವು ಹೇಳಬಹುದು. ಅವರು ಕೊಳ್ಳುವ ಎಸಿಯ ಟನ್ ಲೆಕ್ಕವೂ ಅದೇ 35 ಡಿಗ್ರಿಯದೆಂದು ಅಂಗಡಿಯವರು ಇನ್ನೂ ಓದಿ ಹೇಳಿಲ್ಲ, ಅಷ್ಟೆ.

ಹಳೆಯ ಬೇಸಿಗೆಗಳ ಲೆಕ್ಕ ಹಿಡಿದು ಮುಂದಿನ ಬೇಸಿಗೆಗಳಿಗೆ ಯಂತ್ರ ಕೊಂಡವರು ಯಾರು ಎಂಬ ಪ್ರಶ್ನೆ ಈ ನೋಟಿಸಿನ ವ್ಯಾಪ್ತಿಗೆ ಬರುವುದಿಲ್ಲ.

ಏಳು ದಿನಗಳೊಳಗೆ ಲಿಖಿತ ಸಮಜಾಯಿಷಿ ಸಲ್ಲಿಸತಕ್ಕದ್ದು. ಖುದ್ದು ವಿಚಾರಣೆಯನ್ನು ರಾತ್ರಿ ಹತ್ತಕ್ಕೆ ಇಡಲಾಗಿದೆ. ಹಗಲು ಹೊತ್ತು ಕಚೇರಿಯ ಎಸಿ ಕೆಲಸ ಮಾಡುತ್ತಿಲ್ಲ.

ಇತಿ ತಮ್ಮ ವಿಧೇಯ,
ಉಪಕರಣಗಳ ಪರವಾಗಿ