ಲಂಡನ್ನಿನ ಚಳಿ, ಬಳ್ಳಾರಿಯ ಮನೆ

ಬಳ್ಳಾರಿಯಲ್ಲಿ ‘ಹೀಟಿಂಗ್ ಅಂಡ್ ಪ್ಲಂಬಿಂಗ್ ಡಿಸೈನ್ ಇಂಜಿನಿಯರ್’ ಅಂತ ಬೋರ್ಡು ಹಾಕಿಕೊಂಡು ಕೂರುವುದೂ ಹಂಪಿಯಲ್ಲಿ ಕಲ್ಲು ಮಾರಲು ಕೂರುವುದೂ ಒಂದೇ. ನಾನು ಕೂತಿದ್ದೇನೆ. ಬೋರ್ಡು ಓದಿ ಒಳಗೆ ಬರುವವರು ಹೆಚ್ಚಾಗಿ ಗೀಸರ್ ರಿಪೇರಿಯವರು. ಒಬ್ಬರು ಮಾತ್ರ ಏಪ್ರಿಲ್‌ನ ಉರಿ ಮಧ್ಯಾಹ್ನ ಬಂದು, ಈ ಊರಲ್ಲಿ ಹೀಟಿಂಗ್ ಮಾಡುವ ಮನುಷ್ಯ ಹೇಗಿರುತ್ತಾನೆ ಅಂತ ನೋಡಿಕೊಂಡು, ಕುಡಿಯಲು ನೀರು ಕೇಳಿ ಹೋದರು.

ನನ್ನ ಬಂಡವಾಳವೆಲ್ಲ ಸಾಫ್ಟ್‌ವೇರು. ಕಂಪ್ಯೂಟರಿನಲ್ಲಿ ಆಟೋಕ್ಯಾಡ್, ಎಕ್ಸೆಲ್, ಇಪಾನೆಟ್. ಫೋನಿನಲ್ಲಿ ಪೈಪ್ ಸೈಜಿನದೊಂದು, ಶಾಖದ ಲೆಕ್ಕದ್ದೊಂದು, ಲೆವೆಲ್ ನೋಡುವುದೊಂದು ಆ್ಯಪು. ನಲವತ್ತು ಡಿಗ್ರಿಯಲ್ಲಿ ಸೈಟು ಸುತ್ತುವುದು ಬಿಟ್ಟು ಫ್ಯಾನಿನ ಕೆಳಗೆ ಮೌಸ್ ಆಡಿಸುವುದೇ ಇಂಜಿನಿಯರಿಂಗ್ ಎಂಬುದು ನನ್ನ ಸಿದ್ಧಾಂತವಾಗಿತ್ತು.

ಸಿದ್ಧಾಂತಕ್ಕೆ ಮೊದಲು ಬಲಿಯಾದದ್ದು ಗಾಂಧಿನಗರದ ಒಂದು ಮನೆ. ಶಾಖದ ಆ್ಯಪಿಗೆ ಗೋಡೆ, ಕಿಟಕಿ, ಛಾವಣಿಯ ಅಳತೆಯನ್ನೆಲ್ಲ ಉಣಿಸಿದೆ. ಊರಿನ ಹವೆ ಕೇಳುವ ಖಾನೆಯನ್ನು ಮುಟ್ಟಲಿಲ್ಲ. ಅದರಲ್ಲಿ ಆ್ಯಪು ಹುಟ್ಟಿದ ದೇಶದ ಚಳಿಗಾಲ ಮೊದಲೇ ಕೂತಿತ್ತು: ಹೊರಗೆ ಮೈನಸ್ 3, ಒಳಗೆ 21. ಫಲಿತಾಂಶ: ಪ್ರತಿ ಕಿಟಕಿಯ ಕೆಳಗೊಂದು ರೇಡಿಯೇಟರ್, ಅಡುಗೆಮನೆಯಲ್ಲಿ ಬಾಯ್ಲರ್. ಬಣ್ಣದ ಪ್ರಿಂಟು ತೆಗೆಸಿ, ಸ್ಪೈರಲ್ ಬೈಂಡ್ ಮಾಡಿಸಿ ಕೊಟ್ಟೆ. ಮನೆ ಯಜಮಾನರು ಒಂದೊಂದೇ ಹಾಳೆ ತಿರುವಿ, ಬಹಳ ಗೌರವದಿಂದ ಕೇಳಿದರು: “ಸಾರ್, ಇದನ್ನ ಉಲ್ಟಾ ಹಾಕಿದ್ರೆ ತಂಪಾಗ್ತೈತಾ?”

ಕೇಳಿದ್ದು ನಗೆಚಾಟಿಕೆಗೆ ಇರಬಹುದು, ಆದರೆ ಅವರ ಮಾತು ಸರಿ. ಗೋಡೆಯ ವಿಸ್ತೀರ್ಣ, ಅದು ಶಾಖ ದಾಟಿಸುವ ಗುಣ, ಒಳಗೂ ಹೊರಗೂ ಇರುವ ಉಷ್ಣತೆಯ ವ್ಯತ್ಯಾಸ, ಈ ಮೂರನ್ನು ಗುಣಿಸುವುದೇ ಲೆಕ್ಕ. ಹೊರಗೆ 42 ಅಂತ ಹಾಕಿದರೆ ಅದೇ ಲೆಕ್ಕ ಎ.ಸಿ. ಕಡೆಗೆ ತಿರುಗುತ್ತದೆ, ಬಿಸಿಲಿನ ಪಾಲನ್ನು ಬೇರೆಯಾಗಿ ಸೇರಿಸಿಕೊಳ್ಳಬೇಕು, ಅಷ್ಟೆ. ಓದದ ಯಜಮಾನರಿಗೆ ಹೊಳೆದದ್ದು ಓದಿದ ನನಗೆ ಹೊಳೆಯಲಿಲ್ಲ. ಈ ಊರಿನ ಬೇಸಿಗೆಯಲ್ಲಿ ಬಿಸಿನೀರಿಗೆ ಯಂತ್ರವೇ ಬೇಡ ಎನ್ನುವುದೂ ಯಾವ ಆ್ಯಪಿಗೂ ಗೊತ್ತಿಲ್ಲ. ಮಧ್ಯಾಹ್ನ ತಣ್ಣೀರಿನ ನಲ್ಲಿ ತಿರುಗಿಸಿದರೆ ಮಾಳಿಗೆ ಮೇಲಿನ ಟ್ಯಾಂಕಿನ ಕುದಿ ಬರುತ್ತದೆ. ತಣ್ಣೀರು ಬೇಕಾದವರು, ಗೀಸರ್ ಆರಿಸಿದ್ದರೆ, ಬಿಸಿನೀರಿನ ನಲ್ಲಿ ತಿರುಗಿಸಬೇಕು.

ಸಿರುಗುಪ್ಪದ ಪ್ರಕರಣ ಇದಕ್ಕಿಂತ ದುಬಾರಿಯದು. ಅಲ್ಲಿನ ಅಕ್ಕಿ ಗಿರಣಿಯೊಂದಕ್ಕೆ ಸಂಪಿನಿಂದ 15 ಮೀಟರ್ ಮೇಲಿರುವ ಟ್ಯಾಂಕಿಗೆ ನೀರು ಏರಿಸುವ ಪಂಪು ಆರಿಸಬೇಕಿತ್ತು. ಕಾಗದದ ಮೇಲೆ ಹತ್ತು ನಿಮಿಷದ ಕೆಲಸ. ನಾನು ಇಪಾನೆಟ್ ತೆರೆದೆ. ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ 1993ರಲ್ಲಿ ಹೊರತಂದ ಪುಕ್ಕಟೆ ತಂತ್ರಾಂಶ ಅದು. ಇಡೀ ಊರಿನ ನೀರಿನ ಜಾಲವನ್ನೇ ಲೆಕ್ಕ ಹಾಕಿಬಿಡುತ್ತದೆ. ಅಮೆರಿಕದ್ದಾದ್ದರಿಂದ, ನಾವು ಬದಲಿಸುವ ತನಕ ಹರಿವನ್ನು ನಿಮಿಷಕ್ಕೆ ಇಷ್ಟು ಗ್ಯಾಲನ್ ಅಂತ ಓದುತ್ತದೆ. ಹರಿವು ಗ್ಯಾಲನ್ನಿನಲ್ಲಿದ್ದರೆ ಎತ್ತರ ಅಡಿಯಲ್ಲಿ, ಪೈಪಿನ ವ್ಯಾಸ ಇಂಚಿನಲ್ಲಿ. ನಾನು 80 ಮಿಲಿಮೀಟರ್ ಪೈಪಿಗೆ 80 ಅಂತ ಒತ್ತಿದೆ. ಅದು 80 ಇಂಚು ಅಂದುಕೊಂಡಿತು. ಆರು ಅಡಿ ಎಂಟು ಇಂಚು. ನಾನು ಪೇಟ ಸುತ್ತಿಕೊಂಡು ಒಳಗೆ ಅಡ್ಡಾಡಬಹುದಿತ್ತು. ಅಷ್ಟಗಲದ ಪೈಪಿನಲ್ಲಿ ಘರ್ಷಣೆ ಎಲ್ಲಿಂದ ಬರಬೇಕು? 15 ಮೀಟರ್ ಎತ್ತರ 15 ಅಡಿಯಾಯಿತು. ‘ಲೆಕ್ಕ ಯಶಸ್ವಿಯಾಗಿದೆ’ ಅಂತ ಪರದೆಯ ಮೇಲೆ ಬಂತು. ಜೀವನದಲ್ಲಿ ನನ್ನನ್ನು ಯಶಸ್ವಿ ಅಂದದ್ದು ಅದೊಂದೇ, ಹಾಗಾಗಿ ನಂಬಿದೆ.

ಏಳು ಮೀಟರ್ ಎತ್ತುವ ಪುಟ್ಟ ಪಂಪು ಬಂತು. ಸ್ವಿಚ್ ಹಾಕಿದರು. ನೀರು ಅರ್ಧ ಗೋಡೆಯವರೆಗೆ ಶ್ರದ್ಧೆಯಿಂದ ಏರಿ ನಿಂತುಬಿಟ್ಟಿತು. ಗಿರಣಿಯ ಮೆಕ್ಯಾನಿಕ್ ಪೈಪಿಗೆ ಕಿವಿಯಿಟ್ಟು, “ಸಾರ್, ನೀರು ಕೇಳ್ತೈತಿ, ಕಾಣ್ತಿಲ್ಲ” ಎಂದ. ಏರ್ ಲಾಕ್ ಇರಬೇಕು ಅಂದೆ. ಪ್ಲಂಬಿಂಗ್ ಶಾಸ್ತ್ರದಲ್ಲಿ ಮಾನ ಉಳಿಸಿಕೊಳ್ಳಲು ಇರುವ ಶಬ್ದ ಅದು. ಅವನು ಏರ್ ವಾಲ್ವ್ ಬಿಚ್ಚಿದ, ಗಾಳಿ ಇರಲಿಲ್ಲ. ಹೊಸ ಪಂಪಿನ ದುಡ್ಡು ನನ್ನ ಬಿಲ್ಲಿನಲ್ಲಿ ಕಡಿತವಾಯಿತು. ಪುಟ್ಟ ಪಂಪು ಈಗ ನನ್ನ ಆಫೀಸಿನಲ್ಲಿ ಸ್ಟೂಲಿನ ಕೆಲಸ ಮಾಡುತ್ತಿದೆ.

ಇಷ್ಟಾದ ಮೇಲಾದರೂ ಕುರುಗೋಡಿನ ಅತ್ತೆಯ ಮನೆಗೆ ನಾನು ಹೋಗಬಾರದಿತ್ತು. ದೊಡ್ಡಬಸವೇಶ್ವರ ಜಾತ್ರೆಗೆ ನೆಂಟರು ಬರುವುದರೊಳಗೆ ಬಚ್ಚಲು ಮುಗಿಯಬೇಕಿತ್ತು. ಮೇಸ್ತ್ರಿ ತಮ್ಮ ಪಾರದರ್ಶಕ ಲೆವೆಲ್ ಪೈಪಿಗೆ ನೀರು ತುಂಬಿಸಿಕೊಂಡು ಬಂದರು. ನಾನು ನಕ್ಕು, ಫೋನನ್ನು ಡ್ರೈನೇಜ್ ಪೈಪಿನ ಮೇಲೆ ಮಲಗಿಸಿದೆ. ಇಳಿಜಾರು 60ಕ್ಕೆ 1 ಅಂತ ಆ್ಯಪು ಹೇಳಿತು. ನಾಲ್ಕಿಂಚಿನ ಪೈಪಿಗೆ ಅದು ಚಂದದ ಇಳಿಜಾರು. “ನೀವು ಓದಿದೋರು ಬಿಡ್ರಿ ಸಾರ್” ಅಂತ ಮೇಸ್ತ್ರಿ ತಮ್ಮ ಪೈಪು ಸುತ್ತಿಟ್ಟರು. ಮೇಸ್ತ್ರಿಗಳ ಬಾಯಲ್ಲಿ ಈ ಮಾತು ಬಂದರೆ ಕೆಲಸ ನಿಲ್ಲಿಸಬೇಕು. ನಾನು ಕಾಂಕ್ರೀಟ್ ಹಾಕಿಸಿದೆ.

ಫೋನಿನ ಬೆನ್ನಿಗೆ ಕ್ಯಾಮೆರಾದ ಗಂಟು ಇರುತ್ತದಲ್ಲ, ಅದು ಎರಡು ಮಿಲಿಮೀಟರ್ ದಪ್ಪ. ಫೋನು 150 ಮಿಲಿಮೀಟರ್ ಉದ್ದ. ಅಂದರೆ ಮಲಗಿಸಿದ ಫೋನೇ 75ಕ್ಕೆ 1ರಷ್ಟು ವಾಲಿಕೊಂಡಿತ್ತು. ಅದನ್ನು ಕಳೆದರೆ ಪೈಪಿಗೆ ಉಳಿದ ಇಳಿಜಾರು ಸುಮಾರು 300ಕ್ಕೆ 1. ಜಾತ್ರೆಯ ಬೆಳಗ್ಗೆ ಒಬ್ಬೊಬ್ಬರಾಗಿ ನೆಂಟರ ಸ್ನಾನವಾದಂತೆ ನೀರು ಪಾದ ದಾಟಿ ಕಣಕಾಲಿಗೆ ಬಂತು. ಅತ್ತೆ ಎಲ್ಲರೆದುರು, “ಅಳಿಯಾ, ತುಂಗಭದ್ರೀನ ನಮ್ಮ ಬಚ್ಚಲದಾಗ ತಂದು ನಿಲ್ಲಿಸ್ಬಿಟ್ಟೆಲ್ಲೋ” ಅಂದರು. ನೆಲ ಒಡೆಯಲು ಬಂದ ಮೇಸ್ತ್ರಿ ಏನೂ ಅನ್ನಲಿಲ್ಲ. ಲೆವೆಲ್ ಪೈಪಿನ ಒಂದು ತುದಿಯನ್ನು ನನ್ನ ಕೈಗೆ ಕೊಟ್ಟು, “ಗಟ್ಟಿ ಹಿಡ್ಕೋರಿ” ಅಂದರು, ಅಷ್ಟೇ.

ಇಪಾನೆಟ್ ನಿಜಕ್ಕೂ ಒಳ್ಳೆಯದು, ಇಳಿಸಿಕೊಳ್ಳಿ. ಮೊದಲು ಹರಿವಿನ ಮಾನವನ್ನು ಸೆಕೆಂಡಿಗೆ ಲೀಟರ್ ಅಂತ ಬದಲಿಸಿ, ಆಮೇಲೆ ಮೀಟರು-ಮಿಲಿಮೀಟರಿನಲ್ಲಿ ತುಂಬಿ. ಫೋನಿನಲ್ಲೇ ಲೆವೆಲ್ ನೋಡುವ ಹಟವಿದ್ದರೆ ಕವರು ತೆಗೆದು ಅದನ್ನು ಅಂಚಿನ ಮೇಲೆ ನಿಲ್ಲಿಸಿ. ಇನ್ನು, ಯಾರಿಗಾದರೂ ರೇಡಿಯೇಟರ್ ಡಿಸೈನು ಬೇಕಿದ್ದರೆ ಗಾಂಧಿನಗರದ್ದು ನನ್ನ ಬಳಿ ಹಾಗೇ ಇದೆ. ಬೈಂಡಿಂಗ್ ಖರ್ಚು ಕೊಟ್ಟರೆ ಸಾಕು.