ಅಳಿಯನ ಅಭ್ಯಂಜನ, ತೆಂಗಿನ ಪಾರಣೆ

ಕಡೂರಿನವರು, ತರೀಕೆರೆಯವರು, ಅಜ್ಜಂಪುರದವರು ಒಂದೇ ಪಂಕ್ತಿಯಲ್ಲಿ ಊಟಕ್ಕೆ ಕೂತಿದ್ದರೆ ದಯವಿಟ್ಟು ಹಿತ್ತಲಿನ ಮಾತು ಎತ್ತಬೇಡಿ. ಪಾಯಸ ಬರುವ ಹೊತ್ತಿಗೆ ಜಗಳ ಹತ್ತಿಕೊಂಡಿರುತ್ತದೆ. 1947ರವರೆಗೆ ಇಡೀ ಚಿಕ್ಕಮಗಳೂರು ಜಿಲ್ಲೆಗೇ ಕಡೂರು ಜಿಲ್ಲೆ ಅಂತ ಹೆಸರಿತ್ತಲ್ಲ, ಹೆಸರು ಹೋದರೂ ಕಡೂರಿನವರ ಗತ್ತು ಹೋಗಿಲ್ಲ. ತೆಂಗಿನಕಾಯಿ ಅಂದರೆ ನಮ್ಮದು, ಮಿಕ್ಕವರದ್ದೆಲ್ಲ ಬರೀ ಚಿಪ್ಪು ಅನ್ನುತ್ತಾರೆ. ತರೀಕೆರೆಯವರಿಗೆ ಒಂದು ಕಡೆ ಲಕ್ಕವಳ್ಳಿಯ ಭದ್ರಾ ಅಣೆಕಟ್ಟು, ಇನ್ನೊಂದು ಕಡೆ ಕೆಮ್ಮಣ್ಣುಗುಂಡಿ. ಒಣಕಡ್ಡಿ ಊರಿದರೂ ಚಿಗುರುವ ಜಾಗ. ಅದನ್ನು ಅವರು ತಮ್ಮ ಕೈಗುಣ ಅಂತ ಹೇಳಿಕೊಳ್ಳುತ್ತಾರೆ! ಇನ್ನು ಅಜ್ಜಂಪುರ. ಮೊನ್ನೆಮೊನ್ನೆಯವರೆಗೂ ತರೀಕೆರೆ ತಾಲ್ಲೂಕಿನ ಹೋಬಳಿ, ಈಗ ತಾನೇ ತಾಲ್ಲೂಕು. ಅಮೃತ ಮಹಲ್ ದನಗಳ ತಳಿ ಸಂವರ್ಧನಾ ಕೇಂದ್ರ ಇರುವುದು ಅಲ್ಲೇ ಆದ್ದರಿಂದ ಅವರು ಗೊಬ್ಬರಕ್ಕೂ ವಂಶಾವಳಿ ಒಪ್ಪಿಸುತ್ತಾರೆ. ಮೈಸೂರು ಅರಸರ ಬೆಣ್ಣೆ ಚಾವಡಿಯಲ್ಲಿ ಹುಟ್ಟಿ, ಟಿಪ್ಪುವಿನ ಕಾಲದಲ್ಲಿ ಅಮೃತ ಮಹಲ್ ಅನ್ನಿಸಿಕೊಂಡು ತೋಪು ಎಳೆದ ದನಗಳ ಮರಿಮಕ್ಕಳ ಸಗಣಿ ಬಿದ್ದಮೇಲೆ ಬದನೆಗಿಡ ಅಟೆನ್ಷನ್ನಿನಲ್ಲಿ ನಿಲ್ಲದೆ ಇನ್ನೇನು ಮಾಡೀತು?

ನನ್ನ ಓಟು ಮಾತ್ರ ಕಡೂರಿಗೇ. ನೀರಿರುವಲ್ಲಿ ಹಿತ್ತಲು ಮಾಡುವುದು ಯಾರಿಗೂ ಬರುತ್ತದೆ, ಇಲ್ಲದಲ್ಲಿ ಮಾಡುವುದು ವಿದ್ಯೆ. ಮುಂಗಾರು ಬಾಬಾಬುಡನ್‌ಗಿರಿಯ ಆಚೆ ಮಗ್ಗುಲಲ್ಲೇ ಗಂಟು ಬಿಚ್ಚಿ, ಈಚೆಗೆ ಬರಿಗೈ ಬೀಸಿಕೊಂಡು ಬರುತ್ತದೆ. ಭದ್ರೆಯ ನೀರಾದರೂ ಅಜ್ಜಂಪುರದ ಹತ್ತಿರ ಸುರಂಗ ಹೊಕ್ಕು ಚಿತ್ರದುರ್ಗದ ದಾರಿ ಹಿಡಿದಿದೆ. ಬೋರ್‌ವೆಲ್ ಸುದ್ದಿ ಬೇಡ, ಕೇಳಿದರೆ ಕಣ್ಣಲ್ಲಷ್ಟೇ ನೀರು.

ಹೀಗಾಗಿ ಇಲ್ಲಿಯ ಹಳೆ ಮನೆಗಳಲ್ಲಿ ಹಿತ್ತಲಿನ ನಕ್ಷೆ ಬರೆದದ್ದು ಬಚ್ಚಲ ಮೋರಿ. ಮೋರಿ ಹೊರಬೀಳುವಲ್ಲಿ ಮೊದಲು ಕೆಸು, ಅದಕ್ಕೆ ಕೆಸರೇ ತವರುಮನೆ. ಅದರ ಪಕ್ಕಕ್ಕೆ ಬಾಳೆ. ಅಲ್ಲಿಂದ ಸಣ್ಣ ಕಾಲುವೆ ತೆಗೆದರೆ ತುದಿಯಲ್ಲಿ ತೆಂಗು. ಸೋಪಿನ ನೀರು ಸೇರದ ಸೊಪ್ಪು, ಮೆಣಸಿನಗಿಡಗಳು ಅಡುಗೆಮನೆ ಬಾಗಿಲಿಗೆ, ಅಕ್ಕಿ ತೊಳೆದ ನೀರು ಬೀಳುವ ಕಡೆಗೆ. ತಿಪ್ಪೆಯ ಮೇಲೆ ಯಾರೂ ಬಿತ್ತದ ಕುಂಬಳ, ಅದರಷ್ಟಕ್ಕೆ ಅದು. ಡಿಸೈನ್ ಮಾಡಿದವರು ಯಾರು ಅಂತ ಕೇಳಿದರೆ ಅಜ್ಜಿ ನಕ್ಕಾಳು.

ಲೆಕ್ಕ ಹಾಕಿ ನೋಡಿ. ಬಿರುಬೇಸಿಗೆಯಲ್ಲಿ ಫಲ ಕೊಡುವ ತೆಂಗಿನಮರ ದಿನಕ್ಕೆ 40 ಲೀಟರ್ ನೀರು ಬೇಡುತ್ತದೆ. ಬಕೆಟ್ಟಿಗೆ 20 ಲೀಟರ್ ಅಂದರೂ ಇಬ್ಬರ ಸ್ನಾನಕ್ಕೆ ಒಂದು ತೆಂಗು. ನಾಲ್ಕು ಜನರ ಸಂಸಾರ ಎರಡು ಮರಕ್ಕಿಂತ ಹೆಚ್ಚು ಸಾಕಲಾರದು. ಮೂರನೆಯ ಮರ ಇದ್ದವರು ನೆಂಟರ ದಾರಿ ಕಾಯಬೇಕು. ಕಡೂರಿನ ಕಡೆ ಅತಿಥಿ ಸತ್ಕಾರ ಅಷ್ಟು ಗಾಢವಾಗಿರುವುದು ಸುಮ್ಮನೆ ಅಂದುಕೊಂಡಿರಾ? ಅಳಿಯ ಬಸ್ಸಿಳಿದು ಚಪ್ಪಲಿ ಬಿಡುವ ಮೊದಲೇ ಅತ್ತೆ, “ಏನಪ್ಪಾ, ಮೈಯೆಲ್ಲ ಧೂಳು, ಎಣ್ಣೆ ಹಚ್ಚಿಕೊಂಡು ನಾಲ್ಕು ಬಿಂದಿಗೆ ಹೆಚ್ಚಾಗಿಯೇ ಹಾಕಿಕೊಳ್ಳಿ” ಅನ್ನುತ್ತಾರೆ. ಅಳಿಯ ಅದನ್ನು ಪ್ರೀತಿ ಅಂದುಕೊಳ್ಳುತ್ತಾನೆ. ಪ್ರೀತಿಯೇ, ಇಲ್ಲ ಅನ್ನುವುದಿಲ್ಲ, ಆದರೆ ಅತ್ತೆಯ ಕಣ್ಣು ಕಿಟಕಿಯಾಚೆ ನೀರು ಬಾಳೆಬುಡ ದಾಟಿತೋ ಇಲ್ಲವೋ ಅಂತ ನೋಡುತ್ತಿರುತ್ತದೆ. ಹಂಡೆ ಖಾಲಿ ಮಾಡುವ ಅಳಿಯನಿಗೆ ಆ ಮನೆಯಲ್ಲಿ ಇರುವ ಮರ್ಯಾದೆ ಸರ್ಕಾರಿ ನೌಕರಿಯ ಅಳಿಯನಿಗೂ ಇಲ್ಲ.

ಈಗಿನ ಮನೆಗಳ ಸಂಗತಿ ಬೇರೆ. ಬಚ್ಚಲ ನೀರು ಪೈಪಿನೊಳಗೇ ಮುಖ ಮುಚ್ಚಿಕೊಂಡು ರಸ್ತೆಯ ಚರಂಡಿಗೆ ಓಡುತ್ತದೆ. ಅಂಗಳಕ್ಕೆ ಸಿಮೆಂಟ್ ಇಟ್ಟಿಗೆ, ಮೂಲೆಯಲ್ಲಿ ಚಾಪೆಯಷ್ಟು ಲಾನ್, ಅದರ ಮೇಲೊಂದು ಸಿಮೆಂಟಿನ ಬಾತುಕೋಳಿ. ಲಾನಿಗೆ ಟ್ಯಾಂಕರ್ ನೀರು. ಇದರ ಜೊತೆಗೆ ಕೆಮ್ಮಣ್ಣುಗುಂಡಿಗೆ ಪ್ರವಾಸ ಹೋಗಿಬಂದವರ ಗುಲಾಬಿ ಹುಚ್ಚು. ತೋಟಗಾರಿಕೆ ಇಲಾಖೆಯವರು ಮಂಜಿನಲ್ಲಿ ಸಾಕಿದ ಗುಲಾಬಿ ನೋಡಿ ಮನಸ್ಸು ಕರಗಿ, ದಾರಿಯ ನರ್ಸರಿಯಲ್ಲಿ ಗಿಡ ಕೊಂಡು ಏಪ್ರಿಲ್ ತಿಂಗಳಲ್ಲಿ ಕಡೂರಿನ ಬಿಸಿಲಿಗೆ ನೆಡುತ್ತಾರೆ. ಗಿಡ ಒಣಗಿದರೆ ದೃಷ್ಟಿ ತಗುಲಿತು ಅನ್ನುತ್ತಾರೆ. ತಗುಲಿದ್ದು ದೃಷ್ಟಿಯಲ್ಲ, ಸೂರ್ಯ.

ಕಾಲ ನೋಡಿ ನೆಟ್ಟರೆ ಇಷ್ಟು ರಗಳೆ ಇಲ್ಲ. ಭರಣಿ ಮಳೆಗೆ ನೆಲ ಅಗೆದು, ರೋಹಿಣಿ, ಮೃಗಶಿರಾ ಹೊತ್ತಿಗೆ ಹೀರೆ, ಪಡವಲ, ಸೋರೆ ಬೀಜ ಊರಿದರೆ ಶ್ರಾವಣಕ್ಕೆ ಚಪ್ಪರ ತುಂಬುತ್ತದೆ. ದಸರಾ ಕಳೆದು ಚಳಿ ಇಣುಕಿದಾಗ ಮೆಂತ್ಯ, ಕೊತ್ತಂಬರಿ, ಸಬ್ಬಸಿಗೆ. ಕೊತ್ತಂಬರಿ ಬೀಜವನ್ನು ಡಬ್ಬಿಯಿಂದ ತೆಗೆದು ಹಾಗೇ ಚೆಲ್ಲಿ, ಬರಲಿಲ್ಲ ಅಂತ ಅಂಗಡಿಯವನನ್ನು ಬೈಯುವವರಿದ್ದಾರೆ. ನೆಲದ ಮೇಲೆ ಹರಡಿ ಚಪ್ಪಲಿಗಾಲಲ್ಲಿ ಮೆಲ್ಲಗೆ ಉಜ್ಜಬೇಕು. ದುಂಡನೆಯ ಬೀಜ ಎರಡು ಹೋಳಾಗಿ ಬಿಚ್ಚಿಕೊಳ್ಳುತ್ತದೆ, ಒಂದೊಂದು ಹೋಳಿಗೂ ಒಂದೊಂದು ಸಸಿ. ಚಪ್ಪರದವರೆ ಬಳ್ಳಿಗೆ ಕರಿಹೇನು ಹತ್ತಿದರೆ ಬೆಳಗಿನ ಇಬ್ಬನಿ ಆರುವ ಮುಂಚೆ ಒಲೆಯ ಬೂದಿ ಎರಚಿ. ಒದ್ದೆ ಎಲೆಗೆ ಬೂದಿ ಅಂಟಿ ಕೂರುತ್ತದೆ. ಸಾಲುಗಟ್ಟಿ ಬರುವ ಇರುವೆಯ ಮೇಲೂ ಒಂದು ಕಣ್ಣಿರಲಿ, ಹೇನು ಸುರಿಸುವ ಸಿಹಿ ಅಂಟಿಗಾಗಿ ಅದನ್ನು ಕಾಯುವುದು ಇರುವೆಯೇ. ಗ್ಯಾಸ್ ಬಂದಮೇಲೆ ಬೂದಿಗೂ ಬರ ಬಂದಿದೆ, ಅದು ಬೇರೆ ಮಾತು. ಹಂಡೆ ಒಲೆ ಉಳಿಸಿಕೊಂಡ ಮನೆಯವರು ಈಗ ಸಾಹುಕಾರರು.

ತರೀಕೆರೆಯವರು ನಗಬೇಡಿ. ನಿಮ್ಮಲ್ಲಿ ನೀರುಂಟು ನಿಜ, ಜೊತೆಗೆ ಮಂಗವೂ ಉಂಟು. ಸೀಬೆಕಾಯಿ ಹಣ್ಣಾಗುವ ದಿನ ಮನೆಯವರಿಗಿಂತ ಮೊದಲು ಅದಕ್ಕೆ ಗೊತ್ತಾಗುತ್ತದೆ, ಅರ್ಧ ಕಚ್ಚಿ ಮಿಕ್ಕದ್ದನ್ನು ನಿಮ್ಮ ತಲೆಗೇ ಎಸೆಯುತ್ತದೆ. ಅಜ್ಜಂಪುರದ ಕಪ್ಪುನೆಲ ಈರುಳ್ಳಿಗೆ ಭಾಗ್ಯ, ಒಪ್ಪಿದೆ. ಆದರೆ ಬೇಸಿಗೆಯಲ್ಲಿ ಅದು ಬಿಡುವ ಬಿರುಕಿನಲ್ಲಿ ಬಿದ್ದ ಕುಡುಗೋಲು ಮುಂದಿನ ಮಳೆಗಾಲಕ್ಕೇ ಸಿಗುವುದು.

ಇಷ್ಟೆಲ್ಲ ಕಿತ್ತಾಡುವವರು ಪುಷ್ಯಮಾಸದ ಸೊಗಡಿನ ಅವರೆಕಾಯಿಗೆ ಮಾತ್ರ ಒಂದಾಗುತ್ತಾರೆ. ಹಿತುಕಿದ ಬೇಳೆ, ಅಜ್ಜಂಪುರದ ಈರುಳ್ಳಿ, ಕಡೂರಿನ ತೆಂಗಿನಕಾಯಿ, ಬಿಸಿ ರಾಗಿಮುದ್ದೆ. ತರೀಕೆರೆಯದ್ದೇನು ಅಂದಿರಾ? ಊಟವಾದ ಮೇಲೆ ಅಡಿಕೆ ಅವರದ್ದೇ.

ಹೊಸ ಮನೆ ಕಟ್ಟಿಸುವವರಲ್ಲಿ ಒಂದು ವಿನಂತಿ. ಬಚ್ಚಲ ಗೋಡೆಯ ಆಚೆ ಒಂದೆಂಟು ಅಡಿ ನೆಲವನ್ನು ಸಿಮೆಂಟ್ ಬಳಿಯದೆ ಬಿಡಿ, ಪೈಪನ್ನು ಅಲ್ಲಿಗೆ ತಿರುಗಿಸಿ, ಒಂದು ಬಾಳೆಕಂದು ನೆಡಿ. ಮಿಕ್ಕ ಜಾಗದಲ್ಲಿ ಬಾತುಕೋಳಿ ಬೇಕಾದರೆ ಎರಡು ಇಟ್ಟುಕೊಳ್ಳಿ, ನನ್ನದೇನೂ ತಕರಾರಿಲ್ಲ.